ಯಾರ ಬ್ಯಾಸರಕ್ಕೆ ಯಾವ ಹೆಸರು

ನಾಟಿ ಮುಗಿಸಿ ಬಂದು ಗೋಡೆಗೊರಗಿ ಕೂತ ನಮ್ಮವ್ವ 'ಯಾಕೋ ಜೀವಕ್ಕೆ ಬ್ಯಾಸರ ಕಣಪ್ಪ' ಅನ್ನುತ್ತಾಳೆ. ಮಾರನೇ ದಿನ ಕೆಲಸಕ್ಕೆ ಹೋಗದಿದ್ದರೆ ಗದ್ದೆಯ ಒಡೆಯ ಅವಳನ್ನು 'ಮೈಗಳ್ಳಿ' ಅನ್ನುತ್ತಾನೆ. ಕಾಲೇಜಿಗೆ ಹೋದ ಮೇಲೆ ನಮಗೆ ಇನ್ನೊಂದು ಮಾತು ಸಿಕ್ಕಿತು: ವಿಷಾದ. ಗೀತೆಯ ಮೊದಲ ಅಧ್ಯಾಯದ ಹೆಸರಲ್ಲೇ ಅದಿದೆ. ಬಿಲ್ಲು ಬಿಸುಟು ಕೂತ ಅರ್ಜುನನನ್ನು ಕೃಷ್ಣ ಹೇಡಿ ಅಂತ ಬೈದನೇನೋ ನಿಜ. ಬೈದು ಹದಿನೇಳು ಅಧ್ಯಾಯ ಸಮಾಧಾನವನ್ನೂ ಹೇಳಿದ. ಆಳಿಗೆ ಅಷ್ಟು ಹೊತ್ತು ಸಮಾಧಾನ ಹೇಳಿದವರನ್ನು ನಾವಂತೂ ಕಂಡಿಲ್ಲ.

ಗ್ರೀಕರು ಇದನ್ನು 'ಮೆಲಾಂಕಲಿ' ಅಂದರು. ಹಾಗೆಂದರೆ ಕಪ್ಪು ಪಿತ್ತ. ಅದು ಮೈಯಲ್ಲಿ ಹೆಚ್ಚಾದರೆ ಮನಸ್ಸು ಕುಗ್ಗುತ್ತದೆಂಬ ನಂಬಿಕೆ. ಅರಿಸ್ಟಾಟಲನ ಹೆಸರಲ್ಲಿ ಉಳಿದಿರುವ ಒಂದು ಬರಹ, ದೊಡ್ಡ ಕವಿಗಳು ತತ್ವಜ್ಞಾನಿಗಳೆಲ್ಲ ಯಾಕೆ ಈ ಪಿತ್ತದವರೇ ಆಗಿರುತ್ತಾರೆ ಎಂದು ಕೇಳುತ್ತದೆ. ಓದುಬರಹ ಬಲ್ಲವರ ಬ್ಯಾಸರ ಹೀಗೆ ಮರ್ಯಾದೆಯೇ ಆಯಿತು.

ಗುಲಾಮರದು? 1851ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ಡಾಕ್ಟರು ಕರಿಯರಿಗೆಂದೇ ಎರಡು ರೋಗಗಳನ್ನು ಹೊಸೆದ. ಒಡೆಯನನ್ನು ಬಿಟ್ಟು ಓಡಿಹೋಗುವುದು 'ಡ್ರಾಪೆಟೊಮೇನಿಯಾ'. ಓಡುವ ಮೊದಲು ಗುಲಾಮ ಮುಖ ಗಂಟಿಕ್ಕಿಕೊಂಡಿರುತ್ತಾನಂತೆ. ಕಾರಣವಿಲ್ಲದೆ ಹಾಗಿದ್ದರೆ ಚಾಟಿಯೇ ಮದ್ದಂತೆ. ಕಾರಣವಿಲ್ಲದೆ! ಹೆಂಡತಿಯನ್ನೊಂದು ಊರಿಗೆ, ಮಕ್ಕಳನ್ನೊಂದು ಊರಿಗೆ ಮಾರುತ್ತಿದ್ದ ಕಾಲ ಅದು.

ಎರಡನೆಯದು 'ಡಿಸೆಸ್ತೀಸಿಯಾ ಈಥಿಯೋಪಿಕಾ'. ಇದು ಬಂದವನು ಅರೆನಿದ್ದೆಯಲ್ಲಿದ್ದಂಗೆ ಗೇಯುತ್ತಾನೆ, ಕೈಗೆ ಸಿಕ್ಕಿದ ಸಲಕರಣೆ ಮುರಿಯುತ್ತಾನೆ. ಮೇಸ್ತ್ರಿಗಳು ಅದನ್ನು ಪೋಕರಿತನ ಅನ್ನುತ್ತಿದ್ದರು, ಡಾಕ್ಟರು ರೋಗ ಅಂದ. ಮದ್ದು ಏನು? ಬಿಸಿನೀರಲ್ಲಿ ತೊಳೆಯುವುದು, ಮೈತುಂಬ ಎಣ್ಣೆ ಬಳಿಯುವುದು, ಅಗಲವಾದ ತೊಗಲಿನ ಪಟ್ಟಿಯಿಂದ ಬಡಿದು ಬಡಿದು ಆ ಎಣ್ಣೆ ಇಳಿಸುವುದು, ಆಮೇಲೆ ಬಯಲಲ್ಲಿ ಕಷ್ಟದ ಕೆಲಸಕ್ಕೆ ಹಚ್ಚುವುದು. ಇದು ಚರ್ಮ ಹದಮಾಡುವ ರೀತಿ ಅಂತ ನಮ್ಮ ಕೇರಿಯ ಯಾರು ಬೇಕಾದರೂ ಹೇಳಬಲ್ಲರು.

ಆ ಜನ ತಮ್ಮ ಬ್ಯಾಸರವನ್ನು ಡಾಕ್ಟರ ಮಾತಿಗೆ ಬಿಡಲಿಲ್ಲ. ಮನಸ್ಸು ಕುಗ್ಗಿದ್ದಕ್ಕೆ ಇಂಗ್ಲಿಷಿನಲ್ಲಿ 'ನೀಲಿ ದೆವ್ವ' ಎಂಬ ಹಳೇ ಮಾತಿತ್ತು. 'ಬ್ಲೂಸ್' ಅದರ ಬಳಗದ್ದೇ. ಕರಿಯರು ಅದನ್ನು ತಮ್ಮ ಹಾಡಿನ ಹೆಸರು ಮಾಡಿಕೊಂಡರು. 1920ರಲ್ಲಿ ಮೇಮಿ ಸ್ಮಿತ್ ಹಾಡಿದ 'ಕ್ರೇಜಿ ಬ್ಲೂಸ್' ಗ್ರಾಮಾಫೋನ್ ತಟ್ಟೆಯನ್ನು ಜನ ಮುಗಿಬಿದ್ದು ಕೊಂಡರು.

ಅವರ ಸಿಟ್ಟು ನಮಗೆ ಬೇಗ ತಲುಪಿತು. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್, ಅಮೆರಿಕದ ಬ್ಲ್ಯಾಕ್ ಪ್ಯಾಂಥರರ ಹೆಸರನ್ನೇ ಇಟ್ಟುಕೊಂಡರು. ಬ್ಯಾಸರ ಬರೆಯಲು ಮಾತ್ರ ನಮಗೆ ಇನ್ನೂ ನಾಚಿಕೆ, ಸೋತವರ ಮಾತು ಅಂದಾರೆಂದು. ನಮ್ಮ ಪದ್ಯಗಳಲ್ಲಿ ಬೆಂಕಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ.

ಮೊನ್ನೆ ಕೇಳಿದೆವು, 'ಯಾತಕ್ಕವ್ವ ಬ್ಯಾಸರ?'

'ಎಲ್ಲಿಂದ ಸುರು ಮಾಡ್ಲಪ್ಪ' ಅಂದಳು.