ಗಾಜಿನ ಪೆಟ್ಟಿಗೆಯೊಳಗಣ ಕಾಡು

ಆಗುಂಬೆಯ ತೊರೆಯಂಚಿನಲ್ಲಿ ಸೊಂಪಾಗಿ ಬೆಳೆದ ಜರೀಗಿಡವನ್ನು ಮಣ್ಣುಸಹಿತ ತಂದು ಬೆಂಗಳೂರಿನ ಮನೆಯ ಕುಂಡದಲ್ಲಿ ನೆಟ್ಟವರು ನಮ್ಮಲ್ಲಿ ಅನೇಕರುಂಟು. ಹೊತ್ತುಹೊತ್ತಿಗೆ ನೀರೆರೆದರೂ ಫಾಲ್ಗುಣದ ಒಣಗಾಳಿ ಬೀಸಿದೊಡನೆ ಅದು ಸುರುಟಿಕೊಳ್ಳುತ್ತದೆ. ಬೇರಿಗೆ ನೀರುಂಟು, ಎಲೆಗೆ ಬೇಕಾದ ತೇವದ ಗಾಳಿಯಿಲ್ಲ. ಈ ಭೇದವು ಮನುಷ್ಯನಿಗೆ ಸ್ಪಷ್ಟವಾದ ಬಗೆ ವಿಚಿತ್ರವಾದುದು.

ಲಂಡನ್ ನಗರದ ವೈದ್ಯ ನಥಾನಿಯಲ್ ವಾರ್ಡನಿಗೆ ಜರೀಗಿಡಗಳೆಂದರೆ ಬಲು ಮೋಹ. ಆದರೆ ಕಾರ್ಖಾನೆಗಳ ಹೊಗೆಯಲ್ಲಿ ಅವು ಉಳಿಯುತ್ತಿರಲಿಲ್ಲ. 1829ರಲ್ಲಿ ಆತನು ಪತಂಗದ ಕೋಶವೊಂದನ್ನು ತೇವದ ಮಣ್ಣಿನೊಡನೆ ಗಾಜಿನ ಸೀಸೆಯಲ್ಲಿ ಮುಚ್ಚಿಟ್ಟನು. ಕೆಲವು ದಿನಗಳಲ್ಲಿ ಆ ಮಣ್ಣಿನಿಂದ ಒಂದು ಜರೀಗಿಡವೂ ಒಂದು ಹುಲ್ಲೂ ಮೊಳೆತವು. ಹಗಲು ಮಣ್ಣಿನಿಂದೆದ್ದ ಆವಿಯು ಗಾಜಿಗೆ ತಾಗಿ ಹನಿಗಟ್ಟಿ, ಮರಳಿ ಮಣ್ಣನ್ನೇ ಸೇರುತ್ತಿದ್ದಿತು. ಹೊಸ ನೀರಿನ ಹಂಗಿಲ್ಲದೆ ಅವು ಸುಮಾರು ನಾಲ್ಕು ವರ್ಷ ಬದುಕಿದವು. ಮುಚ್ಚಳವು ತುಕ್ಕುಹಿಡಿದು ಮಳೆನೀರು ಒಳಹೊಕ್ಕ ಮೇಲೆಯೇ ಅವು ಅಳಿದುದು.

ಅದುವರೆಗೆ ಹಡಗನ್ನೇರಿದ ಗಿಡಗಳ ಪಾಡನ್ನು ಹೇಳತೀರದು. ಮೇಲ್ತಟ್ಟಿನಲ್ಲಿಟ್ಟರೆ ಉಪ್ಪುನೀರಿನ ತುಂತುರು, ಒಳಗಿಟ್ಟರೆ ಕತ್ತಲೆ. ಸಿಹಿನೀರಂತೂ ನಾವಿಕರಿಗೇ ಸಾಲದು. 1833ರಲ್ಲಿ ವಾರ್ಡನು ಗಿಡ ತುಂಬಿದ ಎರಡು ಗಾಜಿನ ಪೆಟ್ಟಿಗೆಗಳನ್ನು ಸಿಡ್ನಿಗೆ ಕಳುಹಿದನು. ತಿಂಗಳುಗಟ್ಟಲೆ ಪಯಣವಾದರೂ ಅವು ಹಸುರಾಗಿಯೇ ತಲುಪಿದವು. ಹಿಂದಿರುಗುವಾಗ ಆಸ್ಟ್ರೇಲಿಯದ ಗಿಡಗಳನ್ನು ತುಂಬಲಾಯಿತು. ಹಾರ್ನ್ ಭೂಶಿರದ ಬಳಿ ಹಡಗಿನ ಮೇಲೆ ಹಿಮ ಬಿದ್ದರೂ ಅವು ಕೆಡಲಿಲ್ಲ.

ಈ ಪೆಟ್ಟಿಗೆಯ ಋಣ ನಮ್ಮ ಮೇಲೆಯೂ ಉಂಟು. ಚಳಿಜ್ವರದಿಂದ ಮಲೆನಾಡಿನ ಊರುಗಳು ಬರಿದಾದ ಕಥೆ ಯಾರಿಗೆ ತಿಳಿಯದು? ಅದಕ್ಕೆ ಮದ್ದಾದ ಕ್ವಿನೈನನ್ನು ಕೊಡುವ ಸಿಂಕೋನಾ ಮರವು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳದು. ಮಾರ್ಕಂ ಎಂಬಾತನು 1860ರಲ್ಲಿ ಬಹು ಕಷ್ಟದಿಂದ ಸಂಗ್ರಹಿಸಿದ ಸಸಿಗಳು ಗಾಜಿನ ಪೆಟ್ಟಿಗೆಯಲ್ಲಿದ್ದರೂ ಕೆಂಪುಸಮುದ್ರದ ಬೇಗೆಯಲ್ಲಿ ಬಾಡಿ ಹಾಳಾದವು. ಪೆಟ್ಟಿಗೆಯು ತೇವವನ್ನು ಕಾಯಬಲ್ಲುದು, ಬೇಗೆಯನ್ನು ತಡೆಯಲಾರದು. ಸ್ಪ್ರೂಸನು ಈಕ್ವಡಾರಿನಲ್ಲಿ ಸಿದ್ಧಪಡಿಸಿ, ಕ್ರಾಸ್ ಎಂಬ ತೋಟಗಾರನು ಕಾಪಾಡಿ ತಂದ ಸಸಿಗಳು ಮಾತ್ರ 1861ರಲ್ಲಿ ಜೀವಸಹಿತ ಉದಕಮಂಡಲವನ್ನು ಸೇರಿ, ಮ್ಯಾಕೈವರನ ಆರೈಕೆಯಲ್ಲಿ ತೋಪುಗಳಾದವು. ಇತ್ತ ನಮಗೆ ಮದ್ದು ದೊರೆಯಿತು. ಅತ್ತ ಆಂಡೀಸಿನ ತೊಗಟೆಯ ವ್ಯಾಪಾರ ಕುಸಿಯಿತು. ಲಾಭದ ಲೆಕ್ಕ ಬರೆಯುವವರು ಈ ಎರಡನೆಯ ಮಾತನ್ನು ಬಿಟ್ಟುಬಿಡುವುದು ನ್ಯಾಯವೆಂದು ನಮಗೆ ತೋರದು.

ಕಳೆದ ಬೇಸಗೆಯಲ್ಲಿ ನಮ್ಮ ಕುಂಡದ ಜರೀಗಿಡಕ್ಕೆ ದೊಡ್ಡದೊಂದು ಗಾಜಿನ ಜಾಡಿಯನ್ನು ಕವುಚಿ, ಬಿಸಿಲು ನೇರವಾಗಿ ತಾಗದ ಕಿಟಕಿಯ ಬಳಿ ಇರಿಸಿದೆವು. ಚೈತ್ರ ಕಳೆದು ವೈಶಾಖ ಬಂದಾಗ ಸುರುಳಿ ಬಿಚ್ಚುತ್ತಿದ್ದ ಎರಡು ಹೊಸ ಎಲೆಗಳು ಗಾಜಿನ ಹನಿಗಳ ಹಿಂದೆ ಕಾಣಿಸಿದವು.