ಅಯ್ಯಾವೊಳೆಯ ಐನೂರ್ವರು: ಹೊರನಾಡುಗಳಲ್ಲಿ ಒಂದು ಸಮುದಾಯ

ಬಾಗಲಕೋಟೆ ಜಿಲ್ಲೆಯಲ್ಲಿ, ಬಾದಾಮಿ-ಹುನಗುಂದಗಳ ನಡುವೆ ಮಲಪ್ರಭೆಯ ದಡದಲ್ಲಿರುವ ಐಹೊಳೆಯು ದೇವಾಲಯಗಳಿಂದ ಸುಪ್ರಸಿದ್ಧವಾಗಿದೆ. ಈ ಊರಿನ ಹೆಸರನ್ನು ಸಮುದ್ರದಾಚೆಗೂ ಒಯ್ದವರು ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕಸಂಘದವರು. ಇವರೆಲ್ಲರೂ ಇಲ್ಲಿಂದ ವಲಸೆಹೋದ ಕನ್ನಡಿಗರೇ ಎಂಬುದನ್ನು ನಾವು ಪರಿಶೀಲಿಸಬೇಕಾಗಿದೆ.

ಕನ್ನಡ ಶಾಸನಗಳು ಇವರನ್ನು ವೀರಬಣಂಜುಧರ್ಮದ ಪಾಲಕರೆಂದೂ ಅಯ್ಯಾವೊಳೆಯ ಒಡೆಯರೆಂದೂ ಹೊಗಳುತ್ತವೆ. ಆದರೆ ಸುಮಾತ್ರಾದ ಬಾರುಸ್‌ನಲ್ಲಿ ದೊರೆತ ಕ್ರಿ.ಶ. ೧೦೮೮ರ ಐನೂರ್ವರ ಶಾಸನದ ಭಾಷೆ ತಮಿಳು. ಹಡಗಿನವರು ಹೊನ್ನಿನಲ್ಲಿ ತೆರಬೇಕಾದ ಸುಂಕವನ್ನು ಅದು ಗೊತ್ತುಪಡಿಸುತ್ತದೆ. ಬರ್ಮಾದ, ಎಂದರೆ ಇಂದಿನ ಮ್ಯಾನ್ಮಾರ್‌ನ, ಪಗಾನ್‌ನಲ್ಲಿರುವ ೧೩ನೆಯ ಶತಮಾನದ ಶಾಸನವು, ನಾನಾದೇಶಿ ವರ್ತಕರ ಹೆಸರು ಹೊತ್ತ ವಿಷ್ಣ್ವಾಲಯಕ್ಕೆ ಮಲೆಯಾಳಸೀಮೆಯವನೊಬ್ಬನು ಮಂಟಪವನ್ನು ಕಟ್ಟಿಸಿದನೆಂದು ಹೇಳುತ್ತದೆ.

ಇದರಿಂದ, ಐಹೊಳೆಯನ್ನು ಕಣ್ಣಾರೆ ಕಾಣದವರೂ ಆ ಹೆಸರಿನ ಸಂಘದಲ್ಲಿ ಸೇರಿದ್ದರೆಂದು ಊಹಿಸಬಹುದು. ಭಾಷೆ ಬೇರೆಯಾದರೂ ಕೂಡಿ ವಿಧಿಸಿದ ಸುಂಕ, ಕೂಡಿ ನಡೆಸಿದ ದೇವಾಲಯ, ಕೂಡಿ ಒಪ್ಪಿದ ಕಟ್ಟಳೆ ಇವು ಪರದೇಶದಲ್ಲಿ ಅವರನ್ನು ಒಂದು ಸಮುದಾಯವನ್ನಾಗಿ ಮಾಡಿದುವು. ಆದುದರಿಂದ ಐನೂರ್ವರ ಚರಿತ್ರೆಯನ್ನು ಕನ್ನಡಿಗರ ಸಾಹಸವೆಂದಷ್ಟೇ ಬಣ್ಣಿಸಿದರೆ ಅದರ ಹಿರಿಮೆಯನ್ನು ಕಿರಿದು ಮಾಡಿದಂತಾಗುತ್ತದೆ. ಕನ್ನಡನಾಡಿನ ಒಂದು ಊರು ಹಲವು ನಾಡುಗಳ ಜನರಿಗೆ ತೌರೂರಾಯಿತೆಂಬುದೇ ಅದರ ನಿಜವಾದ ಮಹತ್ತ್ವ.