72 ಗಂಟೆ ಎಲ್ಲಿಂದ ಬಂತು?

ಹೆಂಡತಿಯ ಬ್ಲಡ್ ಗ್ರೂಪ್ ನೆಗೆಟಿವ್, ಗಂಡನದ್ದು ಪಾಸಿಟಿವ್ ಅಂದ್ರೆ ಡಾಕ್ಟರು ಒಂದು ಮಾತು ಹೇಳೇ ಹೇಳ್ತಾರೆ: ಮಗು ಪಾಸಿಟಿವ್ ಆದರೆ, ಹೆರಿಗೆಯಾಗಿ 72 ಗಂಟೆಯೊಳಗೆ ತಾಯಿಗೆ ಆಂಟಿ-ಡಿ ಇಂಜೆಕ್ಷನ್ ಆಗಬೇಕು. ಯಾಕೆ 72? 48 ಯಾಕಲ್ಲ, 100 ಯಾಕಲ್ಲ? ಹಳೇ ಕೋಡ್‌ನಲ್ಲಿ ಯಾರೋ ಬರೆದಿಟ್ಟ ನಂಬರ್ ಕಂಡರೆ ನಮಗೆಲ್ಲ ಹುಟ್ಟುವ ಕುತೂಹಲವೇ ಇದು. ಹುಡುಕುತ್ತಾ ಹೋದರೆ ಸಿಗೋದು ಅಮೆರಿಕದ ಒಂದು ಜೈಲು.

ರೋಗ ತುಂಬಾ ಹಳೆಯದು. 1609ರಲ್ಲೇ ಫ್ರಾನ್ಸಿನ ಸೂಲಗಿತ್ತಿ ಲೂಯಿಸ್ ಬೂರ್ಜ್ವಾ ಒಂದು ಅವಳಿ ಹೆರಿಗೆಯ ವಿವರ ಬರೆದಿಟ್ಟಿದ್ದಾರೆ. ಒಂದು ಕೂಸು ಮೈಯೆಲ್ಲ ನೀರು ತುಂಬಿ ಊದಿಕೊಂಡು ಸತ್ತಿತು, ಇನ್ನೊಂದು ಕಾಮಾಲೆಯಿಂದ ಹಳದಿಯಾಗಿ ಹೋಯಿತು. ಚೊಚ್ಚಲು ಮಗು ಗಟ್ಟಿಯಾಗಿ ಉಳಿದು, ಆಮೇಲಿನವು ಒಂದೊಂದಾಗಿ ಕೈಬಿಡೋದು ಈ ರೋಗದ ರೀತಿ. ನಮ್ಮ ಹಳ್ಳಿಗಳಲ್ಲಿ ಹೀಗೆ ಮಕ್ಕಳು ಹೋದರೆ ನಾಗದೋಷ ಅನ್ನೋರು, ದೃಷ್ಟಿ ಅನ್ನೋರು. ಯಾವುದೇ ಹೆಸರಿಟ್ಟರೂ ಬೈಗುಳ ಮಾತ್ರ ತಾಯಿಗೇ.

ಗಂಟು ಬಿಚ್ಚಿದ್ದು 1939ರಲ್ಲಿ, ನ್ಯೂಯಾರ್ಕಿನಲ್ಲಿ. ಹೊಟ್ಟೆಯಲ್ಲೇ ಮಗು ತೀರಿಕೊಂಡ ಹೆಂಗಸೊಬ್ಬರಿಗೆ ಗಂಡನ ರಕ್ತ ಕೊಟ್ಟರು. ಇಬ್ಬರದ್ದೂ ಓ ಗ್ರೂಪ್. ಆದರೂ ಆಕೆಯ ಮೈಗೆ ಅದು ಒಗ್ಗಲಿಲ್ಲ. ತಂದೆಯಿಂದ ಮಗುವಿಗೆ ಬಂದ ಏನೋ ಒಂದರ ವಿರುದ್ಧ ತಾಯಿಯ ದೇಹ ತಿರುಗಿಬಿದ್ದಿದೆ ಅಂತ ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್ ಊಹಿಸಿದರು. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ರೀಸಸ್ ಕೋತಿಯ ರಕ್ತದ ಪ್ರಯೋಗದಿಂದ ಇಂಥದ್ದೊಂದು ಅಂಶ ಕಂಡುಹಿಡಿದರು. 'ಆರ್‌ಎಚ್' ಅನ್ನೋ ಹೆಸರು ಆ ಕೋತಿಯಿಂದಲೇ ಬಂದದ್ದು.

ಆಗೋದು ಇಷ್ಟೇ. ಹೆರಿಗೆ ಹೊತ್ತಿನಲ್ಲಿ ಪಾಸಿಟಿವ್ ಮಗುವಿನ ಒಂದಿಷ್ಟು ರಕ್ತ ನೆಗೆಟಿವ್ ತಾಯಿಯ ಮೈ ಸೇರುತ್ತೆ. ಇದು ಹೊರಗಿನದ್ದು ಅಂತ ಅವಳ ದೇಹ ಪ್ರತಿಕಾಯ ಮಾಡಿಕೊಳ್ಳುತ್ತೆ, ಅದನ್ನು ಮರೆಯೋದಿಲ್ಲ. ಮುಂದಿನ ಬಸಿರಲ್ಲೂ ಮಗು ಪಾಸಿಟಿವ್ ಆದರೆ ಅದರ ಕೆಂಪು ರಕ್ತಕಣಗಳನ್ನು ಒಡೆಯುತ್ತೆ.

ಹಾಗಾದರೆ ದೇಹ ಈ ಪಾಠ ಕಲಿಯುವ ಮುಂಚೆಯೇ ಆ ಕಣಗಳನ್ನು ತೆಗೆದುಬಿಟ್ಟರೆ? 1960ರ ದಶಕದಲ್ಲಿ ಲಿವರ್‌ಪೂಲ್‌ನಲ್ಲಿ ಸಿರಿಲ್ ಕ್ಲಾರ್ಕ್, ರೊನಾಲ್ಡ್ ಫಿನ್, ಅತ್ತ ನ್ಯೂಯಾರ್ಕಿನಲ್ಲಿ ಫ್ರೀಡಾ, ಗಾರ್ಮನ್, ಪೊಲಾಕ್ ಇದೇ ಹಾದಿ ಹಿಡಿದರು. ಬೇರೆಯವರ ರಕ್ತದಲ್ಲಿ ಆಗಲೇ ತಯಾರಾದ ಪ್ರತಿಕಾಯವನ್ನೇ ತಾಯಿಗೆ ಚುಚ್ಚೋದು ಅವರ ಉಪಾಯ.

ನ್ಯೂಯಾರ್ಕಿನವರು ಮೊದಲು ಪರೀಕ್ಷಿಸಿದ್ದು ಸಿಂಗ್ ಸಿಂಗ್ ಜೈಲಿನ ನೆಗೆಟಿವ್ ಗಂಡು ಕೈದಿಗಳ ಮೇಲೆ. ಮುಂದೆ ಬಂದದ್ದು ಕೈದಿಗಳೇ, ನಿಜ. ಆದರೆ ಕಂಬಿ ಹಿಂದಿರುವವನ ಒಪ್ಪಿಗೆ ಎಷ್ಟು ಸ್ವಂತದ್ದು ಅನ್ನೋ ಪ್ರಶ್ನೆ ಉಳಿದೇ ಇದೆ. ಅವರಿಗೆ ಪಾಸಿಟಿವ್ ರಕ್ತಕಣ ಕೊಟ್ಟು, ಮೂರು ದಿನ ಬಿಟ್ಟು ಆಂಟಿ-ಡಿ ಕೊಟ್ಟರು. ಬೇಕೆಂದಾಗಲೆಲ್ಲ ಒಳಗೆ ಹೋಗೋಕೆ ಜೈಲಿನವರು ಬಿಡುತ್ತಿರಲಿಲ್ಲ, ಅದಕ್ಕೇ ಮೂರು ದಿನ. ಮದ್ದು ಕೆಲಸ ಮಾಡಿತು. 72 ಗಂಟೆ ಅನ್ನೋದು ಹಾಗೇ ನಿಯಮವಾಗಿ ಉಳಿಯಿತು. ನಾಲ್ಕನೇ ದಿನ ಕೊಟ್ಟರೆ ಪ್ರಯೋಜನವಿಲ್ಲ ಅಂತ ಆ ಪ್ರಯೋಗ ತೋರಿಸಿರಲಿಲ್ಲ.

1968ರಲ್ಲಿ ಅಮೆರಿಕದಲ್ಲಿ ಮದ್ದಿಗೆ ಲೈಸೆನ್ಸ್ ಸಿಕ್ಕಿತು. ಇದಕ್ಕೆ ಬೇಕಾದ ಪ್ರತಿಕಾಯ ಬಂದದ್ದು ದಾನಿಗಳ ರಕ್ತದಿಂದ. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ 2018ರವರೆಗೆ, ತಮ್ಮ 81ನೇ ವಯಸ್ಸಿನವರೆಗೆ, 1,100ಕ್ಕೂ ಹೆಚ್ಚು ಸಲ ಕೈಚಾಚಿದರು.

ಈ ಇತಿಹಾಸ ಗೊತ್ತಿದ್ದರೆ ಒಂದು ಉಪಯೋಗವಿದೆ. 72 ಗಂಟೆಯೊಳಗೆ ಕೊಡಿಸೋದೇ ಸರಿ, ಅದರಲ್ಲಿ ಉದಾಸೀನ ಬೇಡ. ಆದರೆ ಗಡುವು ಮೀರಿತು ಅಂತ ಕೈಚೆಲ್ಲಿ ಕೂರಬೇಡಿ, ತಡವಾದರೂ ಸ್ವಲ್ಪ ರಕ್ಷಣೆ ಸಿಗಬಹುದು, ಅವತ್ತೇ ಡಾಕ್ಟರನ್ನು ಕೇಳಿ. ಗರ್ಭಪಾತ ಆದಾಗಲೂ ಕೇಳಿ. ಆ ದುಃಖದ ಗಡಿಬಿಡಿಯಲ್ಲಿ ಬ್ಲಡ್ ಗ್ರೂಪ್ ಯಾರಿಗೂ ನೆನಪಿರಲ್ಲ.